ಕೊಂದವರು ಎದುರು ಮನೆಯಲ್ಲೇ ಇದ್ದಾಗ ಬದುಕು ಹೇಗಿರುತ್ತದೆ

ಕೊಲೆಗೆ ಕಾನೂನಿನಲ್ಲಿ ಶಿಕ್ಷೆಯೇ ಇಲ್ಲದಿದ್ದರೆ ದಿನನಿತ್ಯದ ಬದುಕು ಹೇಗೆ ಬದಲಾಗುತ್ತಿತ್ತು, ಜನರೆಲ್ಲ ಕೊಲ್ಲುವುದಕ್ಕೆ ಶುರು ಮಾಡುತ್ತಿದ್ದರಾ ಅಂತ ನಿಮ್ಮ ಬರಹದಲ್ಲಿ ಕೇಳಿದ್ದೀರಿ. ಮಾಡುತ್ತಿರಲಿಲ್ಲ. ನಮ್ಮ ಕುಮಟಾ ಕಡೆ ತೋಟಕ್ಕೆ, ಬೆಟ್ಟಕ್ಕೆ ಹೊರಟವರ ಸೊಂಟದಲ್ಲಿ ಈಗಲೂ ಕತ್ತಿ ಇರುತ್ತದೆ. ಗಡಿ ಜಗಳ, ನೀರಿನ ಜಗಳ, ಪಾಲಿನ ಜಗಳ ಎಲ್ಲ ನಡೆಯುವುದು ಆ ಕತ್ತಿ ಸೊಂಟದಲ್ಲಿ ಇರುವಾಗಲೇ. ಅದು ಮೇಲೇಳುವುದು ತೀರಾ ಅಪರೂಪ. ಅಷ್ಟು ಸಿಟ್ಟಿನಲ್ಲಿ ಯಾರೂ ಸೆಕ್ಷನ್ ನೆನಪು ಮಾಡಿಕೊಳ್ಳುವುದಿಲ್ಲ. ಎದುರಿಗೆ ನಿಂತವನು ಚಿಕ್ಕಂದಿನಿಂದ ನೋಡಿದ ಮನುಷ್ಯ, ಅದಕ್ಕೇ ಕೈ ತಡೆಯುತ್ತದೆ.

ಆದರೆ ಒಬ್ಬ ಎತ್ತಿಯೇಬಿಟ್ಟ, ಅವನಿಗೆ ಏನೂ ಆಗಲಿಲ್ಲ ಅಂದುಕೊಳ್ಳಿ. ಆಮೇಲೆ ಉಳಿದವರ ಬದುಕು ಏನಾಗುತ್ತದೆ ಅಂತ ನಾನು ಊಹೆ ಮಾಡಬೇಕಾಗಿಲ್ಲ. ನನ್ನ ಚಿಕ್ಕಪ್ಪನನ್ನು ಕೊಂದವರು ಖುಲಾಸೆಯಾಗಿ ಮನೆಗೆ ಬಂದರು. ಅವರ ಮನೆ ನಮ್ಮ ಕೇರಿಯಲ್ಲೇ.

ಜಗಳ ಗಜನಿಯದ್ದು. ಅಘನಾಶಿನಿ ನದಿಯ ಅಳಿವೆಯ ಬದಿಗೆ ಒಡ್ಡು ಕಟ್ಟಿದ ಗದ್ದೆಗಳಿಗೆ ನಾವು ಗಜನಿ ಅನ್ನುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತದೆ. ಉಪ್ಪು ತಡೆಯುವ ಭತ್ತ ಅದು. ಕೊಯ್ಲು ಮುಗಿದ ಮೇಲೆ ತೂಬಿನ ಹಲಗೆ ಎತ್ತಿ ಉಬ್ಬರದ ನೀರು ಒಳಗೆ ಬಿಟ್ಟರೆ ಸಿಗಡಿ. ಸಿಗಡಿಗೆ ಗುತ್ತಿಗೆ ಹಿಡಿದವರಿಗೆ ಹಲಗೆ ಬೇಗ ಏಳಬೇಕು, ಭತ್ತ ಇನ್ನೂ ಗದ್ದೆಯಲ್ಲಿ ಇರುವವನಿಗೆ ಏಳಬಾರದು. 2008ರ ಕಾರ್ತಿಕದಲ್ಲಿ ಚಿಕ್ಕಪ್ಪನ ಕಗ್ಗ ಕೊಯ್ಲಾಗಿರಲಿಲ್ಲ. ರಾತ್ರಿ ಹಲಗೆ ಎತ್ತಿದ್ದಾರೆ ಅಂತ ಗೊತ್ತಾಗಿ ಅವರು ಒಡ್ಡಿಗೆ ಹೋದರು. ತೂಬಿನ ಹತ್ತಿರ ಬಲೆ ಹಾಕಲು ಬಂದಿದ್ದ ಒಬ್ಬರು ಎಲ್ಲವನ್ನೂ ನೋಡಿದರು. ಓಡಿ ಬಂದು ಅಪ್ಪನಿಗೆ ಹೇಳಿದ್ದೂ ಅವರೇ.

ಇಲ್ಲಿ ನಮ್ಮ ಮನೆಯಲ್ಲಿ ಆದ ತಪ್ಪನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಬೇಕೋ ಬೇಡವೋ, ಓದುವವರಲ್ಲಿ ಒಬ್ಬರಿಗಾದರೂ ಬೇಕಾಗಬಹುದು.

ಅಪ್ಪ ಅಂಗಿ ಹಾಕಿಕೊಂಡು ಸ್ಟೇಷನ್ನಿಗೆ ಹೊರಟಿದ್ದರು. ಅಷ್ಟರಲ್ಲಿ ಊರಿನ ಹಿರಿಯರು ಜಗಲಿ ತುಂಬ ಬಂದು ಕೂತರು. "ತಮ್ಮಾ, ಅವಸರ ಎಂತಕ್ಕೆ? ಎರಡೂ ಮನೆ ಊರಿನದ್ದೇ. ಬೆಳಗಾಗಲಿ, ಮಾತಾಡುವ" ಅಂದರು. ಅವರ ಮನಸ್ಸಿನಲ್ಲಿ ಇದ್ದದ್ದು ರಾಜಿ. ಆ ಕಡೆಯವರಿಂದ ಚಿಕ್ಕಿಗೆ ಹಣವೋ ಗದ್ದೆಯೋ ಕೊಡಿಸುವುದು. ಕೊಲೆ ಕೇಸನ್ನು ಯಾರೂ ರಾಜಿ ಮಾಡಿಕೊಳ್ಳುವಂತಿಲ್ಲ. ಸತ್ತವರ ಹೆಂಡತಿ ಒಪ್ಪಿದರೂ ಕೋರ್ಟು ಅದನ್ನು ಮುಚ್ಚುವುದಿಲ್ಲ. ತಮ್ಮ ಕೈಯಲ್ಲಿ ಇಲ್ಲದ ವಿಷಯವನ್ನು ಅವರು ರಾತ್ರಿಯಿಡೀ ಮಾತಾಡಿದರು. ಆ ರಾತ್ರಿಯೇ ಚಿಕ್ಕಪ್ಪನನ್ನು ಒಡ್ಡಿನಿಂದ ಎತ್ತಿ ತಂದರು. ಮೈಯ ಕೆಸರು ತೊಳೆದರು. ಬೇರೆ ಪಂಚೆ ಉಡಿಸಿದರು. ದೂರು ಕೊಟ್ಟದ್ದು ಮರುದಿನ ಮಧ್ಯಾಹ್ನದ ಮೇಲೆ. ಅದನ್ನು ಬರೆದದ್ದು ಅಪ್ಪನಲ್ಲ, ಅಕ್ಷರ ಚೆನ್ನಾಗಿದೆ ಅಂತ ಇನ್ನೊಬ್ಬರು. ಹೆಸರು ಬರೆದರೆ ರಾಜಿಯ ಬಾಗಿಲು ಮುಚ್ಚುತ್ತದೆ ಅಂತ "ಯಾರೋ ಹೊಡೆದಿದ್ದಾರೆ" ಅಂತ ಬರೆಸಿದರು. ನೋಡಿದವರ ಹೆಸರೂ ಬರಲಿಲ್ಲ. ಆ ಕಡೆಯವರು ಮಾತಿಗೆ ಬರಲೇ ಇಲ್ಲ. ಆಮೇಲೆ, ದಿನಗಳು ಕಳೆದ ಮೇಲೆ, ಅಪ್ಪ ಪೊಲೀಸರಿಗೆ ಹೆಸರುಗಳನ್ನು ಹೇಳಿದರು.

ಕೋರ್ಟಿನಲ್ಲಿ ಕೇಸು ಬಿದ್ದದ್ದು ಅಲ್ಲೇ. ಆ ಕಡೆಯ ವಕೀಲರು ಕೇಳಿದ್ದು ಸರಳ ಪ್ರಶ್ನೆ: ಕೊಂದವರು ಯಾರು ಅಂತ ರಾತ್ರಿಯೇ ಗೊತ್ತಿದ್ದರೆ ಮರುದಿನದ ದೂರಿನಲ್ಲಿ ಯಾಕೆ ಇಲ್ಲ? ತಡವಾಗಿದ್ದು ಒಂದೇ ಆಗಿದ್ದರೆ ದಾಟಬಹುದಿತ್ತು. ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ಕೋರ್ಟು ಒಪ್ಪುತ್ತದೆ. ನಮ್ಮ ಕಾರಣವನ್ನು ಹೇಳಲು ಜಗಲಿಯಲ್ಲಿ ಕೂತಿದ್ದ ಒಬ್ಬರೂ ಕಟಕಟೆಗೆ ಬರಲಿಲ್ಲ. ಬಲೆ ಹಾಕಲು ಹೋಗಿದ್ದವರು "ಕತ್ತಲಲ್ಲಿ ಯಾರೂ ಕಾಣಲಿಲ್ಲ" ಅಂದರು. ಪೊಲೀಸರ ಮುಂದೆ ಅವರು ಹೆಸರು ಹಿಡಿದು ಹೇಳಿದ್ದರು. ಆದರೆ ಪೊಲೀಸರು ಬರೆದುಕೊಳ್ಳುವ ಸಾಕ್ಷಿಯ ಹೇಳಿಕೆಗೆ ಸಹಿ ಇರುವುದಿಲ್ಲ, ಕೋರ್ಟಿನಲ್ಲಿ ಅದೇ ಸಾಕ್ಷ್ಯವೂ ಆಗುವುದಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಸಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. 2012ರಲ್ಲಿ ಖುಲಾಸೆ. ಖುಲಾಸೆಯ ವಿರುದ್ಧ ಸತ್ತವರ ಮನೆಯವರೇ ಅಪೀಲು ಹಾಕಬಹುದು ಅಂತ 2009ರ ಕೊನೆಯಿಂದ ಕಾನೂನು ಇದೆ. ಹಾಕಿದೆವು. ಧಾರವಾಡದ ಹೈಕೋರ್ಟ್ ಪೀಠದಲ್ಲೂ ಆ ಮೊದಲ ದೂರಿನ ಹಾಳೆಯೇ ಎದುರು ನಿಂತಿತು.

ಆ ಸಾಕ್ಷಿಯ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೊಟ್ಟೆಪಾಡಿಗೆ ಅದೇ ಒಡ್ಡಿನ ಮೇಲೆ ರಾತ್ರಿ ಒಬ್ಬರೇ ನಡೆಯಬೇಕು. ನಿಮ್ಮ ಪ್ರಶ್ನೆಯ ಮೊದಲ ಉತ್ತರ ಇದೇ: ಶಿಕ್ಷೆ ಇಲ್ಲ ಅಂತಾದರೆ ಮೊದಲು ನಿಲ್ಲುವುದು ಜನರ ಮಾತು. ಆಮೇಲೆ ಒಂದೊಂದೇ ಬದಲಾಗುತ್ತದೆ. ಸಂಜೆ ಎಲೆ ಅಡಿಕೆಯ ಕವಳದ ತಟ್ಟೆ ಇಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದ ಅಪ್ಪ ಒಳಗೆ ಕೂರತೊಡಗಿದರು. ಹಗಲು ಯಾವತ್ತೂ ತೆರೆದೇ ಇರುತ್ತಿದ್ದ ಮುಂಬಾಗಿಲಿಗೆ ಅಗಳಿ ಬಿತ್ತು. ಯಕ್ಷಗಾನದ ಆಟಕ್ಕೆ ಹೋಗಿ ಬೆಳಗಿನ ಜಾವ ಬ್ಯಾಟರಿ ಹಿಡಿದು ಗದ್ದೆ ಬದುವಿನಲ್ಲಿ ಬರುವುದು ನಿಂತಿತು. ಕೊಂದವರಲ್ಲಿ ಒಬ್ಬ ಅಂಗಡಿಗೆ ಬಂದರೆ ಅಲ್ಲಿದ್ದವರು ಎದ್ದು ಜಾಗ ಕೊಡುತ್ತಿದ್ದರು. ಅವನು ಯಾರನ್ನೂ ಹೆದರಿಸಲಿಲ್ಲ. ಹೆದರಿಸುವ ಅಗತ್ಯವೇ ಇರಲಿಲ್ಲ. ಗ್ರಾಮಸಭೆಯಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ. ಹಲಗೆ ಯಾವಾಗ ಎತ್ತಬೇಕು ಅಂತ ಅವರೇ ಹೇಳಿದರು. ಕಗ್ಗ ಬೆಳೆಯುವವರು ಕಡಿಮೆಯಾದರು. ಚಿಕ್ಕಿ ತನ್ನ ಪಾಲಿನ ಗಜನಿಯನ್ನು ಮಾರಿದಳು. ಕೊಂಡವರು ಯಾರು ಅಂತ ನಾನು ಬರೆಯಬೇಕಾಗಿಲ್ಲ ಅಲ್ವಾ?

ಒಂದು ಕೊಲೆ ನಡೆದದ್ದು. ಎರಡನೆಯದು ನಡೆಯಲಿಲ್ಲ. ಲೆಕ್ಕ ಹಾಕಿದರೆ ಊರು ಶಾಂತವಾಗಿಯೇ ಇತ್ತು. ಅದಕ್ಕೇ "ಕೊಲೆಗಳು ಜಾಸ್ತಿಯಾಗುತ್ತಿದ್ದವಾ" ಅನ್ನುವ ಪ್ರಶ್ನೆಯೇ ನನಗೆ ತಪ್ಪು ಅನ್ನಿಸುತ್ತದೆ. ಹೆದರಿಕೆ ಪೂರ್ತಿಯಾಗಿದ್ದ ಕಡೆ ಕೊಲೆ ಬೇಕಾಗುವುದೇ ಇಲ್ಲ.

ಇನ್ನೂ ಕೆಟ್ಟದ್ದು ಚಿಕ್ಕಪ್ಪನ ಮಗನಿಗೆ ಆದದ್ದು. ಚಿಕ್ಕಪ್ಪ ಸತ್ತಾಗ ಅವನು ಪ್ರಾಥಮಿಕ ಶಾಲೆಯಲ್ಲಿದ್ದ. ಮೀಸೆ ಚಿಗುರುತ್ತಿದ್ದ ಹಾಗೆ ಮದುವೆ ಮನೆಗಳಲ್ಲಿ ನೆಂಟರು ಅವನ ಹೆಗಲು ತಟ್ಟಿ "ನೀನು ಗಂಡಸಾದೆ ಈಗ" ಅನ್ನತೊಡಗಿದರು. ಯಾರೂ ಬಾಯಿ ಬಿಟ್ಟು ಕೊಲ್ಲು ಅನ್ನಲಿಲ್ಲ. ಚಿಕ್ಕಿ ರಾತ್ರಿ ಮಲಗುವ ಮೊದಲು ಮನೆಯಲ್ಲಿದ್ದ ಕತ್ತಿಗಳನ್ನೆಲ್ಲ ಒಟ್ಟುಮಾಡಿ, ಹಳೆ ಸೀರೆಯಲ್ಲಿ ಸುತ್ತಿ, ಅಕ್ಕಿ ಮುಡಿಯ ಹಿಂದೆ ಇಡುತ್ತಿದ್ದಳು. ಬೆಳಿಗ್ಗೆ ಕಾಯಿ ಒಡೆಯಲು ಒಂದನ್ನು ಹೊರಗೆ ತೆಗೆಯುತ್ತಿದ್ದಳು, ಸಂಜೆ ಅದು ವಾಪಸ್ ಬಂದಿದೆಯಾ ಅಂತ ಮುಟ್ಟಿ ನೋಡುತ್ತಿದ್ದಳು. ಹತ್ತನೇ ತರಗತಿ ಮುಗಿದದ್ದೇ ಅವನನ್ನು ಗೋವಾಕ್ಕೆ ಕಳಿಸಿದಳು. ಓದಿಗಲ್ಲ, ಕೆಲಸಕ್ಕೂ ಅಲ್ಲ, ಊರಿಂದ ದೂರಕ್ಕೆ.

ಅಲ್ಬೇನಿಯಾ ದೇಶದ ಉತ್ತರದ ಬೆಟ್ಟಗಳ ಬಗ್ಗೆ ಓದಿದಾಗ ನನಗೆ ನಮ್ಮ ಮನೆಯೇ ಕಂಡಿತು. ಅಲ್ಲಿ ರಕ್ತಕ್ಕೆ ರಕ್ತ ಅನ್ನುವ ಹಳೆಯ ಕಟ್ಟಳೆ ಇತ್ತು. ಕಮ್ಯುನಿಸ್ಟ್ ಸರ್ಕಾರ ಅದನ್ನು ಅದುಮಿತ್ತು. 1990ರ ದಶಕದಲ್ಲಿ ಆ ಸರ್ಕಾರ ಬಿದ್ದು ಪೊಲೀಸು, ಕೋರ್ಟು ಸಡಿಲವಾದಾಗ ಅದು ಮತ್ತೆ ಎದ್ದಿತು. ಸೇಡಿನ ಸರದಿ ಬಂದ ಮನೆಯ ಗಂಡಸರು ವರ್ಷಗಟ್ಟಲೆ ಹೊರಗೆ ಕಾಲಿಡುವುದಿಲ್ಲ. ಯಾಕೆಂದರೆ ಕಟ್ಟಳೆಯ ಪ್ರಕಾರ ಮನೆಯೊಳಗೆ ಇರುವವನನ್ನು ಕೊಲ್ಲುವಂತಿಲ್ಲ. ಗಂಡುಹುಡುಗರ ಶಾಲೆ ನಿಲ್ಲುತ್ತದೆ. ಹೊರಗೆ ಹೋಗಿ ದುಡಿಯುವುದು ಹೆಂಗಸರು. ಕೋರ್ಟು ಶಿಕ್ಷೆ ಕೊಡುವುದು ಕೊಂದವನನ್ನು ಹೆದರಿಸುವುದಕ್ಕೆ ಅಂತ ನೀವು ಬರೆದಿದ್ದೀರಿ. ಇರಬಹುದು. ನನಗಂತೂ ಅದರ ದೊಡ್ಡ ಕೆಲಸ ಬೇರೆಯೇ ಕಾಣುತ್ತದೆ. ಆ ಭಾರವನ್ನು ಅದು ಸತ್ತವನ ಮಗನ ಹೆಗಲಿನಿಂದ ಇಳಿಸುತ್ತದೆ. ನಮ್ಮಲ್ಲಿ ಇಳಿಸಲಿಲ್ಲ.

"ಶಿಕ್ಷೆ ಹೋದರೂ ಜನ ಸೇರಿ ತಮ್ಮದೇ ನ್ಯಾಯ ಮಾಡಿಕೊಳ್ಳುತ್ತಾರೆ" ಅಂತಲೂ ಬರೆದಿದ್ದೀರಿ. ಆ ನ್ಯಾಯ ನಮ್ಮ ಜಗಲಿಯಲ್ಲಿ ಒಂದು ರಾತ್ರಿ ಕೂತಿತ್ತು. ಅದನ್ನು ನಂಬಬೇಡಿ. ಯಾರ ಮನೆಯಲ್ಲಾದರೂ ಇಂಥದ್ದು ನಡೆದರೆ ಯಾರ ಮಾತಿಗೂ ಕಾಯದೆ ಸ್ಟೇಷನ್ನಿಗೆ ಹೋಗಿ. ಹತ್ತಿರ ಯಾವುದು ಇದೆಯೋ ಅದಕ್ಕೇ ಹೋಗಿ. ತಮ್ಮ ಹದ್ದಿನದ್ದಲ್ಲದಿದ್ದರೂ ಅವರು ದೂರು ಬರೆದುಕೊಳ್ಳಬೇಕು. ಗೊತ್ತಿರುವ ಹೆಸರು, ನೋಡಿದವರ ಹೆಸರು ಆ ಮೊದಲ ಹಾಳೆಯಲ್ಲೇ ಬರಲಿ. ಓದಿಸಿ ಕೇಳಿ ಆಮೇಲೆ ಸಹಿ ಹಾಕಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ತನ್ನಿ. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಶವ ಬಿದ್ದ ಜಾಗದಲ್ಲೇ ಇರಲಿ, ಎಷ್ಟೇ ಸಂಕಟವಾದರೂ ತೊಳೆಯಬೇಡಿ. ಸಾಕ್ಷಿಯನ್ನು ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಸಿ ಅಂತ ಪಟ್ಟು ಹಿಡಿಯಿರಿ. 2024ರ ಜುಲೈಯಿಂದ ಬಂದ ಹೊಸ ಕಾನೂನಿನಲ್ಲಿ, ಇಂಥ ದೊಡ್ಡ ಕೇಸುಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಬರೆದುಕೊಳ್ಳಲೇಬೇಕು. ಸಾಕ್ಷಿಗೆ ಬೆದರಿಕೆ ಇದ್ದರೆ ರಕ್ಷಣೆ ಕೇಳಬಹುದು. ಅದಕ್ಕೊಂದು ಯೋಜನೆಯನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದೆ. ನಮ್ಮ ಕಾಲಕ್ಕೆ ಅದೂ ಇರಲಿಲ್ಲ.

ಕೊನೆಗೆ "ಅಂಥ ಕಾಲ ಬಂದರೆ ನೀವು ಏನು ಮಾಡುತ್ತೀರಿ" ಅಂತ ಓದುವವರನ್ನೇ ಕೇಳಿದ್ದೀರಿ. ಹೋಗಲು ದಾರಿ ಇರುವವರು ಮೊದಲು ಊರು ಬಿಡುತ್ತಾರೆ. ನಾನು ಕಾರವಾರದಲ್ಲಿ ಕೆಲಸ ಹಿಡಿದು ಅಪ್ಪ, ಆಯಿಯನ್ನು ಕರೆದುಕೊಂಡು ಬಂದೆ. ಚಿಕ್ಕಿ ಮಗನ ಹತ್ತಿರ ಗೋವಾದಲ್ಲಿದ್ದಾಳೆ. ಬಲೆ ಹಾಕುವ ಆ ಮನುಷ್ಯನಿಗೆ ಹೋಗಲು ಬೇರೆ ಕಡೆ ಇಲ್ಲ. ಅವರು ಅಲ್ಲೇ ಇದ್ದಾರೆ.