ಬಂದೂಕಿನ ಅಂಗಡಿಯ ಶರಣಪ್ಪನವರ ನಿದ್ದೆ

ಶರಣಪ್ಪ ಅನ್ನೋದು ಬಂದೂಕಿನ ಅಂಗಡಿಯ ನೌಕರರೊಬ್ಬರಿಗೆ ನಾನು ಇಟ್ಟ ಹೆಸರು. ನಮ್ಮ ಭಾಗದಲ್ಲಿ ಬಂದೂಕಿನ ಅಂಗಡಿಗಳು ಹೆಚ್ಚಿಲ್ಲ. ಊರು ಹೇಳಿದರೆ ಅಂಗಡಿ ಗೊತ್ತಾಗುತ್ತದೆ, ಅಂಗಡಿ ಗೊತ್ತಾದರೆ ಮನುಷ್ಯ ಗೊತ್ತಾಗುತ್ತಾನೆ. ಅದಕ್ಕೇ ಅವರು ಬೇರೆ ಊರಿಂದ ರೈಲು ಹತ್ತಿ ಕಲಬುರಗಿಯ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬರುತ್ತಿದ್ದರು ಎಂದಷ್ಟೇ ಹೇಳುತ್ತೇನೆ. ವಯಸ್ಸು, ಮನೆತನ, ತೀರಿಕೊಂಡವರ ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ.

ಮೊದಲ ಸಲ ಕರೆದುಕೊಂಡು ಬಂದವರು ಅವರ ಹೆಂಡತಿ. "ರಾತ್ರಿ ಎರಡಕ್ಕ ಎದ್ದು ಗಾಡಿ ತಗೊಂಡು ದುಕಾನಕ್ಕ ಹೋಗ್ತಾರ್ರಿ ಮೇಡಂ. ಶಟರ್ ಜಗ್ಗಿ ನೋಡಿ ಬರ್ತಾರ. ಬಂದು ಅರ್ಧಾ ತಾಸಿಗೆ ಮತ್ತ ಹೊಂಡ್ತಾರ. ಪೊಲೀಸರು ಹಿಡದು ಕೇಳಿದ್ರ ಏನಂತ ಹೇಳೋದು?" ಶರಣಪ್ಪ ತಲೆ ತಗ್ಗಿಸಿ ಕೂತಿದ್ದರು. ಏನು ಕೇಳಿದರೂ "ಕೆಲಸ ಹಂಗ ಅದರಿ" ಅನ್ನುವುದೊಂದೇ ಉತ್ತರ.

ಹಾಗಾದರೆ ಕೆಲಸ ಹೇಗಿದೆ ಅದನ್ನೇ ಹೇಳಿ ಎಂದೆ. ನಿದ್ದೆಯ ಸುದ್ದಿ ಬಿಟ್ಟು ಅಂಗಡಿಯ ಸುದ್ದಿ ತೆಗೆದ ಮೇಲೆ ಅವರ ಬಾಯಿ ಬಿಟ್ಟಿತು.

"ಸಿನಿಮಾದಾಗ ತೋರಸ್ದಂಗ ಏನೂ ಇಲ್ರಿ. ಎಷ್ಟೋ ದಿನ ಬೋಣಿನೇ ಆಗಾಂಗಿಲ್ಲ." ಹೊಸ ಬಂದೂಕು ಮಾರಾಟವಾಗುವುದು ಅಪರೂಪ. ಅಂಗಡಿ ನಡೆಯುವುದು ತೋಟಾ (ಗುಂಡು), ರಿಪೇರಿ, ಏರ್‌ಗನ್, ಜಮಾ ಇಟ್ಟ ಬಂದೂಕುಗಳ ಬಾಡಿಗೆಯ ಮೇಲೆ. ಗಿರಾಕಿ ಬಂದರೆ ಮೊದಲು ಲೈಸೆನ್ಸ್ ಪುಸ್ತಕ ಇಸಿದುಕೊಳ್ಳಬೇಕು. ಫೋಟೊ ಮತ್ತು ಮುಖ ತಾಳೆಯಾಗಬೇಕು. ಅವಧಿ ಮುಗಿದಿದೆಯಾ, ಯಾವ ಬಂದೂಕಿಗೆ ಪರವಾನಗಿ, ವರ್ಷಕ್ಕೆ ಎಷ್ಟು ತೋಟಾ ಕೊಡಬಹುದು, ಈಗಾಗಲೇ ಎಷ್ಟು ಒಯ್ದಿದ್ದಾರೆ ಎಲ್ಲ ನೋಡಬೇಕು. ಆ ಪುಸ್ತಕದಲ್ಲಿ ಬರೆದು ಶಿಕ್ಕಾ ಹೊಡೆಯಬೇಕು, ನಮ್ಮ ರಿಜಿಸ್ಟರಿನಲ್ಲೂ ಬರೆದು ಸಹಿ ಮಾಡಬೇಕು. ಸಂಜೆ ಡಬ್ಬಿ ಬಿಚ್ಚಿ ಒಂದೊಂದೇ ಎಣಿಸಿ ಲೆಕ್ಕ ಹೊಂದಿಸಬೇಕು. ಕಿರಾಣಿ ಅಂಗಡಿಯಲ್ಲಿ ಒಂದು ಕೇಜಿ ಸಕ್ಕರೆ ಕಡಿಮೆ ಬಿದ್ದರೆ ನಷ್ಟ, ಇಲ್ಲಿ ಒಂದು ತೋಟಾ ಕಡಿಮೆ ಬಿದ್ದರೆ ಕೇಸು.

ಅವಧಿ ಮುಗಿದ ಲೈಸೆನ್ಸ್ ಹಿಡಿದು ಬಂದವರು "ನಾ ಯಾರಂತ ಗೊತ್ತದ ಇಲ್ಲ?" ಎಂದು ಮೇಜು ಗುದ್ದುತ್ತಾರೆ. ಲಗ್ನದ ಸೀಜನ್‌ನಲ್ಲಿ ಹುಡುಗರು ಬಂದು ಮೆರವಣಿಗೆಯಲ್ಲಿ ಗಾಳಿಯಲ್ಲಿ ಎರಡು ಹೊಡೆಯಬೇಕು, ನಾಲ್ಕು ಹೆಚ್ಚಿಗೆ ಕೊಡು ಅನ್ನುತ್ತಾರೆ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಸಂಭ್ರಮಕ್ಕೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದನ್ನು ಹೇಳಹೋದರೆ "ನೀ ಮಾರಾವ, ಮಾರೋದಷ್ಟ ನೋಡು" ಎಂಬ ಮಾತು. ಚುನಾವಣೆ ಘೋಷಣೆಯಾದರೆ, ಅದು ಮುಗಿಯುವವರೆಗೆ ಬಂದೂಕು ಜಮಾ ಮಾಡುವವರ ಸಾಲು. ಪ್ರತಿ ಬಂದೂಕಿಗೂ ಚೀಟಿ ಕಟ್ಟಿ, ನಂಬರ್ ತಾಳೆ ನೋಡಿ, ರಸೀದಿ ಬರೆದು, ಎಣ್ಣೆ ಹಚ್ಚಿ ಇಡಬೇಕು. ಫಲಿತಾಂಶ ಬಂದ ಮೇಲೆ ಎಲ್ಲರಿಗೂ ಅವತ್ತೇ ವಾಪಸ್ ಬೇಕು.

ಇನ್ನೊಂದು ಬಗೆಯ ಗಿರಾಕಿಗಳ ಮಾತು ಬಂದಾಗ ಅವರ ದನಿ ಇಳಿಯಿತು. ಲೈಸೆನ್ಸ್ ಇದ್ದವರು ತೀರಿಕೊಂಡರೆ ವಾರಸುದಾರರು ಬಂದೂಕನ್ನು ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಜಮಾ ಮಾಡಬೇಕು. ಅಪ್ಪನ ಬಂದೂಕನ್ನು ಹಳೇ ಧೋತರದಲ್ಲಿ ಸುತ್ತಿ ತರುತ್ತಾರಂತೆ ಮಕ್ಕಳು. ಕೆಲವರು ಎಷ್ಟಕ್ಕೆ ಹೋದೀತು ಎಂದು ಕೇಳುತ್ತಾರೆ, ಕೆಲವರು ಕೌಂಟರಿಗೆ ಒರಗಿ ಅಳುತ್ತಾರೆ. "ನಾ ಅವರಿಗೆ ಏನ್ ಹೇಳ್ಬೇಕ್ರಿ? ರಸೀದಿ ಬರದು ಕೊಡ್ತೀನಿ." ಇಷ್ಟು ಜವಾಬ್ದಾರಿಗೆ ಸಿಗುವ ಪಗಾರ ಕೇಳಿ ನನಗೆ ಸಂಕಟವಾಯಿತು.

ಒಳಗಿನ ಸಂಗತಿ ಹೊರಬಿದ್ದದ್ದು ಮುಂದಿನ ಭೇಟಿಗಳಲ್ಲಿ. ಕಾಡಂಚಿನ ಹಳ್ಳಿಯ ರೈತರೊಬ್ಬರು, ಶರಣಪ್ಪನವರು ಕಾಕಾ ಎನ್ನುತ್ತಿದ್ದವರು, ಬೆಳೆಗೆ ನುಗ್ಗುವ ಹಂದಿಗಾಗಿ ಲೈಸೆನ್ಸ್ ಮಾಡಿಸಿದ್ದರು. ಪ್ರತಿ ಮುಂಗಾರಿಗೆ ಬಂದು ತೋಟಾ ಒಯ್ಯುತ್ತಿದ್ದರು. ಬಂದರೆ ಸ್ಟೂಲಿನ ಮೇಲೆ ಕೂತು, ಚಹಾ ತರಿಸಿ, ಬಸಿಗೆ ಸುರಿದು ಕುಡಿದು, ಮಳೆ ಬೆಳೆ ಮಾತಾಡಿಯೇ ಏಳುತ್ತಿದ್ದರು. ಆ ಸಲ "ಚಹಾ ಬ್ಯಾಡಪಾ" ಎಂದು ನಿಂತೇ ತಗೊಂಡು ಹೋದರು. ಕೆಲವು ವಾರಗಳ ನಂತರ ಕಾಕಾ ತಮ್ಮ ಜೀವ ತಾವೇ ತೆಗೆದುಕೊಂಡ ಸುದ್ದಿ ಬಂತು. ಪೊಲೀಸರು ಬಂದು ರಿಜಿಸ್ಟರ್ ನೋಡಿದರು, ಝೆರಾಕ್ಸ್ ಮಾಡಿಕೊಂಡರು, ಹೇಳಿಕೆ ಬರೆದುಕೊಂಡರು. "ನಿಮ್ಮ ಕಾಗದ ಎಲ್ಲಾ ಬರೋಬ್ಬರಿ ಅವ" ಎಂದು ಹೋದರು. ಮಾಲೀಕರು ನಿಟ್ಟುಸಿರು ಬಿಟ್ಟರು. ಶರಣಪ್ಪನವರ ನಿದ್ದೆ ಹೋದದ್ದು ಅಂದಿನಿಂದ.

"ಕಾಗದ ಬರೋಬ್ಬರಿ ಅವ ಮೇಡಂ. ಆ ಸಹಿ ನಂದು."

ಮನೆಯವರು, ಮಾಲೀಕರು, ಗೆಳೆಯರು ಎಲ್ಲರೂ ಅವರಿಗೆ ಹೇಳಿದ್ದು ಒಂದೇ: ನಿಂದೇನ್ ತಪ್ಪದ, ಬಿಟ್ಟಬಿಡು. ಪ್ರೀತಿಯಿಂದ ಹೇಳಿದ್ದೇ ಹೌದು. ಆದರೆ ಆ ಮಾತು ಕೇಳಿದವನಿಗೆ ಮುಂದೆ ಮಾತಾಡಲು ಜಾಗವೇ ಉಳಿಯುವುದಿಲ್ಲ. ಶರಣಪ್ಪನವರಿಗೆ ಕಾಕಾ ಬರೀ ಗಿರಾಕಿ ಆಗಿರಲಿಲ್ಲ. ಬೇಕಾದವರು ಸತ್ತಿದ್ದರು, ಇವರು ಮಣ್ಣಿಗೂ ಹೋಗಿರಲಿಲ್ಲ. ಕಾಕಾನ ಮನೆಯವರು ಮುಖ ನೋಡಿ ಏನೆಂದಾರು ಎಂಬ ಹೆದರಿಕೆ. ಅಳು ಹೊರಗೆ ಬರದೆ ಉಳಿದಿತ್ತು. ಆದ್ದರಿಂದ ನಾನು ತಪ್ಪು ಒಪ್ಪುಗಳ ಲೆಕ್ಕ ತೆಗೆಯದೆ, ಕಾಕಾ ಎಂಥವರಿದ್ದರು ಹೇಳಿ ಎಂದೆ. ಅವತ್ತು ಅವರು ಬಹಳ ಹೊತ್ತು ಅತ್ತರು.

ಇನ್ನೊಂದನ್ನು ನೇರವಾಗಿಯೇ ಕೇಳಬೇಕಿತ್ತು: ನಿಮಗೂ ಸಾಯಬೇಕು ಅನಿಸುತ್ತದೆಯಾ? ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂದು ನಮ್ಮಲ್ಲಿ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿಸಿಕೊಳ್ಳಲು ಒಬ್ಬರು ಇದ್ದಾರೆ ಎಂದು ಮನಸ್ಸು ಹಗುರಾಗುತ್ತದೆ. "ಬದುಕಿ ಏನ್ ಮಾಡೋದದ ಅನಸ್ತದ್ರಿ. ಮಾಡ್ಕೊಳ್ಳೋ ವಿಚಾರ ಇಲ್ಲ" ಎಂದರು. ರಾತ್ರಿ ಕುಡಿಯಲು ಶುರು ಮಾಡಿದ್ದೂ ಆಗ ಗೊತ್ತಾಯಿತು. ದಿನವಿಡೀ ಬಂದೂಕುಗಳ ನಡುವೆ ಇರುವ ಮನುಷ್ಯ ಇಷ್ಟು ಹೇಳಿದ ಮೇಲೆ ಸುಮ್ಮನೆ ಕೂಡುವಂತಿಲ್ಲ. ಅವರ ಒಪ್ಪಿಗೆಯಿಂದಲೇ ಮಾಲೀಕರನ್ನು ಕರೆಸಿದೆ. ಕೆಲವು ವಾರ ಬೀಗದ ಕೈ ಮಾಲೀಕರ ಹತ್ತಿರ ಇರುತ್ತದೆ, ಶರಣಪ್ಪ ಒಬ್ಬರೇ ಅಂಗಡಿ ತೆರೆಯುವುದೂ ಇಲ್ಲ ಮುಚ್ಚುವುದೂ ಇಲ್ಲ, ಒಳಗಿನ ಕಪಾಟಿನ ಕೆಲಸ ಮಾಲೀಕರದು, ರಿಜಿಸ್ಟರ್ ಮತ್ತು ಗಿರಾಕಿ ಇವರಿಗೆ, ಎಂದು ಮಾತಾಯಿತು. ಕುಡಿತ ಬಿಡುವುದನ್ನೂ ನಿದ್ದೆಯ ಔಷಧವನ್ನೂ ಮನೋವೈದ್ಯರೇ ನೋಡಲಿ ಎಂದು ಸರಕಾರಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಮೆಡಿಕಲ್ ಅಂಗಡಿಯಿಂದ ತಾವೇ ನಿದ್ದೆ ಗುಳಿಗೆ ತಗೋಬಾರದು ಎಂದು ಹೆಂಡತಿಗೂ ಹೇಳಿದೆ.

ಇಲ್ಲಿ ಮಾಲೀಕರು ತಡೆದರು. "ಮನೋರೋಗ ಡಾಕ್ಟರ್ ಕಡಿ ಹೋದ ಅಂತ ಕಾಗದ ಆದ್ರ, ನಾಳಿ ಇವನ ನೌಕರಿಗೆ, ನಮ್ಮ ಲೈಸೆನ್ಸಿಗೆ ತೊಂದ್ರಿ ಆಗಾಂಗಿಲ್ಲೇನ್ರಿ?" ಈ ಹೆದರಿಕೆಗೆ ಎಷ್ಟೋ ಜನ ಚಿಕಿತ್ಸೆಯನ್ನೇ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ವಿವರವಾಗಿ ಹೇಳಿದೆ. ಆಯುಧ ಕಾಯ್ದೆ ಅಡ್ಡಿ ಹೇಳುವುದು ಬುದ್ಧಿ ಸ್ವಾಧೀನದಲ್ಲಿಲ್ಲದವರಿಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್, ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಅವರ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ತಿಳಿಯುವಂತಿಲ್ಲ, ಅದನ್ನು ನ್ಯಾಯಾಲಯವೇ ಹೇಳಬೇಕು ಎನ್ನುತ್ತದೆ. ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವುದು ಅದೇ ಕಾಯ್ದೆಯ 23ನೇ ಸೆಕ್ಷನ್ ಕೊಟ್ಟ ಹಕ್ಕು. ಶೋಕ, ನಿದ್ದೆಗೇಡು ಎಂದು ವೈದ್ಯರ ಬಳಿ ಹೋದವನು ಕೆಲಸಕ್ಕೆ ಬಾರದವನಾಗುವುದಿಲ್ಲ.

ರಾತ್ರಿ ಶಟರ್ ಜಗ್ಗುವ ವಿಷಯ ಬಿಡಿಸುವುದು ಕಷ್ಟವಾಯಿತು. ಬೇರೆ ಕೆಲಸದವರಾಗಿದ್ದರೆ, ಪದೇ ಪದೇ ನೋಡಬೇಡಿ ಎಂದು ಹೇಳಿ ಅಭ್ಯಾಸ ಮಾಡಿಸಬಹುದು. ಇವರ ಕೆಲಸವೇ ಎಣಿಸುವುದು, ನೋಡುವುದು. ಹಾಗಾಗಿ ಕೆಲಸಕ್ಕಾಗಿ ನೋಡುವುದು ಎಲ್ಲಿ ಮುಗಿಯಿತು, ಹೆದರಿಕೆಗಾಗಿ ನೋಡುವುದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಬೇಕಾಯಿತು. ಸಂಜೆ ಇಬ್ಬರೂ ಸೇರಿ ಒಮ್ಮೆ ಎಣಿಸುವುದು. ಒಬ್ಬರು ಗಟ್ಟಿಯಾಗಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಹೊತ್ತು ಬರೆದು ಇಬ್ಬರೂ ಸಹಿ ಮಾಡಿದರೆ ಅಲ್ಲಿಗೆ ಕೆಲಸ ಮುಗಿಯಿತು. ಆಮೇಲೆ ಹುಟ್ಟುವ ಅನುಮಾನವೆಲ್ಲ ಹೆದರಿಕೆಯದು. ಅದು ಬಂದಾಗ ಗಾಡಿ ತೆಗೆಯುವ ಬದಲು ಹೆಂಡತಿಯನ್ನು ಎಬ್ಬಿಸಿ "ಮತ್ತ ಬಂತು ನೋಡು" ಎಂದು ಹೇಳಿ, ಕಾಲು ತಾಸು ತಡೆಯಬೇಕು. ಮುಂದೆ ಆ ಹೊತ್ತು ಬೆಳೆಸುತ್ತ ಹೋಗಬೇಕು. ಮೊದಮೊದಲು ಮೈಯೆಲ್ಲ ಬೆವರುತ್ತಿತ್ತು ಎಂದರು. ತಡೆದಷ್ಟೂ ತಾನೇ ಇಳಿಯಿತು.

ಹೊಣೆಯ ಲೆಕ್ಕಕ್ಕೆ ಕೂತದ್ದು ಇದೆಲ್ಲ ಆದ ಮೇಲೆ. ಕಾಕಾನ ಸಾವಿಗೆ ಏನೇನು ಕಾರಣ ಇದ್ದೀತು ಎಲ್ಲ ಬರೆಯಿರಿ, ನಿಮ್ಮ ಹೆಸರು ಕೊನೆಗೆ ಬರೆಯಿರಿ ಎಂದೆ. ಕೈಸಾಲ, ಹೋದ ಬೆಳೆ, ಒಂದು ವರ್ಷದ ಹಿಂದೆ ತೀರಿಕೊಂಡ ಹೆಂಡತಿ, ಮಾತು ಕಡಿಮೆ ಮಾಡಿದ್ದನ್ನು ವಯಸ್ಸಾಯಿತು ಎಂದುಕೊಂಡ ಮನೆಯವರು, ಎಲ್ಲ ಬಂದವು. ಪರವಾನಗಿಯ ಮಾತೂ ಬಂತು. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಅರ್ಜಿಯ ಜತೆ ದೈಹಿಕ, ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ ಬೇಕು. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 3ರಿಂದ 5 ವರ್ಷಕ್ಕೆ ಏರಿದೆ. ಪ್ರಮಾಣಪತ್ರ ಹೇಳುವುದು ಪರೀಕ್ಷೆ ಮಾಡಿದ ದಿನದ ಮಾತು. 5 ವರ್ಷದೊಳಗೆ ಮಳೆ ಕೈಕೊಡುತ್ತದೆ, ಸಾಲ ಏರುತ್ತದೆ, ಮನೆಯಲ್ಲಿ ಸಾವಾಗುತ್ತದೆ, ಕುಡಿತ ಅಂಟುತ್ತದೆ. ಆ ನಡುವೆ ವರ್ಷಕ್ಕೊಮ್ಮೆಯಾದರೂ ಎದುರು ನಿಂತು ಮುಖ ನೋಡುವವನು ಹೆಚ್ಚಾಗಿ ಕೌಂಟರಿನ ಈ ನೌಕರ. ಅವನಿಗೆ ಆ ಬಗ್ಗೆ ಯಾರೂ ಏನೂ ಕಲಿಸಿಲ್ಲ. ಈ ಪ್ರಕರಣ ನಾನು ಬರೆಯುತ್ತಿರುವುದು ಮುಖ್ಯವಾಗಿ ಇದಕ್ಕೇ.

ಕಾಕಾ ಅದಕ್ಕೂ ಮೊದಲು ಯಾವತ್ತಾದರೂ ಚಹಾ ಬಿಟ್ಟದ್ದಿತ್ತಾ ಎಂದು ಕೇಳಿದೆ. ತುಸು ಹೊತ್ತು ಬಿಟ್ಟು, "ಬಸ್ ಹೋಗ್ತದಂತ ಎಷ್ಟೋ ಸಲ ಕುಡೀಲಾರದೇ ಹೋಗ್ಯಾನ್ರಿ" ಎಂದರು. ಸಾವಿನ ನಂತರ ಹಿಂದಿರುಗಿ ನೋಡಿದಾಗ ಎಲ್ಲವೂ ಸೂಚನೆಯಂತೆ ಕಾಣುತ್ತದೆ. ಆಗ ಅದು ಚಹಾ ಬೇಡ ಎಂಬ ಮಾತಷ್ಟೇ ಆಗಿತ್ತು. ಕೊನೆಗೆ ತಮ್ಮ ಹೆಸರಿನ ಮುಂದೆ ಅವರು "ಒಂದ ಮಾತು ಕೇಳಬಹುದಿತ್ತು" ಎಂದು ಬರೆದರು. ಅದನ್ನು ಹೊಡೆದುಹಾಕಿ ಎಂದು ನಾನು ಹೇಳಲಿಲ್ಲ. ಹಾಳೆ ತುಂಬ ಇದ್ದ ಕಾರಣಗಳಲ್ಲಿ ಅದೊಂದು ಸಾಲು ಎಂಬುದು ಅವರಿಗೇ ಕಂಡಿತ್ತು.

ಆ ಸಾಲಿನಿಂದಲೇ ಮುಂದಿನ ಕೆಲಸ ಹುಟ್ಟಿತು. ಎದುರು ನಿಂತವರು ಕುಡಿದಿದ್ದರೆ, ನಡುಗುತ್ತಿದ್ದರೆ, ಸಿಟ್ಟಿನಲ್ಲಿ ಉರಿಯುತ್ತಿದ್ದರೆ, ಮಾತೇ ಆಡದಿದ್ದರೆ ಏನು ಮಾಡಬೇಕು? ಆಯುಧ ಕಾಯ್ದೆಯ 9ನೇ ಸೆಕ್ಷನ್ನೇ, ಮಾರುವ ಹೊತ್ತಿನಲ್ಲಿ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ನಂಬಲು ಕಾರಣವಿದ್ದರೆ ಅಂಥವರಿಗೆ ಮಾರಬಾರದು ಎನ್ನುತ್ತದೆ. ಅದಕ್ಕಿಂತ ಕಡಿಮೆ ಅನುಮಾನವಿದ್ದರೂ ಅವತ್ತು ಕೊಡದಿರುವುದು ಒಳ್ಳೆಯದು. ಸಾಯುವ ಯೋಚನೆಯ ಉರಿ ಎಷ್ಟೋ ಸಲ ತಾಸುಗಳಲ್ಲಿ ಇಳಿಯುತ್ತದೆ, ಒಂದು ರಾತ್ರಿ ದಾಟಿಸಿದರೂ ಜೀವ ಉಳಿಯಬಹುದು. ಕೂಡಿಸಿ ನೀರು ಕೊಡಿ. "ಯಾಕೋ ಮನಸ್ಸಿಗೆ ತ್ರಾಸ ಆದಂಗ ಕಾಣ್ತದಲ್ಲ ಕಾಕಾ, ಏನಾಗ್ಯಾದ?" ಎಂದು ಕೇಳಿ. ಮನೆಯ ಒಬ್ಬರ ಫೋನ್ ನಂಬರ್ ಇಸಿದುಕೊಂಡು ಅವರೆದುರೇ ಮಾತಾಡಿ. ಟೆಲಿ ಮಾನಸ್‌ನ 14416 ನಂಬರನ್ನು ಕೌಂಟರಿನ ಮೇಲೆ ಕಾಣುವಂತೆ ಅಂಟಿಸಿ. ಅದು ಮನಸ್ಸಿನ ತೊಂದರೆಗೆ ಇರುವ ಸರಕಾರದ ಸಹಾಯವಾಣಿ. ಹಗಲು ರಾತ್ರಿ ಪುಕ್ಕಟೆ ಕರೆ, ಕನ್ನಡದಲ್ಲೇ ಮಾತಾಡಬಹುದು.

ಮಾಲೀಕರಿಗೆ ನಾನು ಒತ್ತಿ ಹೇಳಿದ್ದು ಎರಡು. ನೌಕರ ಬೇಡ ಎಂದ ಗಿರಾಕಿಗೆ ನೀವು ಹಿಂದಿನಿಂದ ಕೊಡಬಾರದು. ಮತ್ತು ಜಮಾ ಇಟ್ಟುಕೊಳ್ಳುವ ಕಪಾಟು ಚುನಾವಣೆಗೆ ಮಾತ್ರ ಎಂದು ತಿಳಿಯಬಾರದು. ಮನೆಯಲ್ಲಿ ಜಗಳ, ಸಾಲ, ಕುಡಿತ, ಖಿನ್ನತೆ ಇರುವ ದಿನಗಳಲ್ಲಿ ಬಂದೂಕು ಮನೆಯಿಂದ ಹೊರಗಿದ್ದರೆ ಅದೇ ದೊಡ್ಡ ರಕ್ಷಣೆ. ಆದರೆ "ನಿನ್ನ ತಲಿ ಸರಿ ಇಲ್ಲ, ಬಂದೂಕ ಕೊಡು" ಎಂದರೆ ಯಾರೂ ಕೊಡುವುದಿಲ್ಲ. ಶರಣಪ್ಪನವರೇ ದಾರಿ ಹುಡುಕಿದರು: "ನಳಿಗಿಗೆ ಜಂಗ ಹತ್ಯಾದ ಕಾಕಾ, ಸರ್ವಿಸ್ ಮಾಡಿ ಇಟ್ಟಿರ್ತೀನಿ, ರಸೀದಿ ತಗೊಂಡು ಹೋಗ್ರಿ, ಸುಗ್ಗಿ ಮುಗದ ಮ್ಯಾಲ ಬರ್ರಿ." ಮಾನ ಹೋಗದೆ ಕೆಲಸ ಆಗುತ್ತದೆ. ಲೈಸೆನ್ಸ್ ಇರುವ ಮನೆಗಳ ಹೆಣ್ಣುಮಕ್ಕಳೂ ಇದನ್ನು ತಿಳಿದಿರಲಿ. ಮನೆಯವರ ಮನಸ್ಸು ಸರಿ ಇಲ್ಲ ಅನಿಸಿದರೆ ಅಂಗಡಿಗೋ ಠಾಣೆಗೋ ಹೋಗಿ ಕೇಳಬಹುದು.

ಕಾಕಾನ ಮನೆಗೆ ಹೋಗಿ ಬರಲು ಅವರಿಗೆ ಬಹಳ ದಿನ ಹಿಡಿಯಿತು. ಹೋಗಲೇಬೇಕು ಎಂದು ನಾನು ಒತ್ತಾಯ ಮಾಡಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದು ಸೋಮವಾರ ಹೋದರು. ಸೊಸೆ ಮಾತಾಡಲಿಲ್ಲ, ಮಗ ನೀರು ಕೊಟ್ಟು ಕೂಡಿಸಿದ. ಸಾಲದ ಸುದ್ದಿ ತನಗೂ ಆಮೇಲೆ ಗೊತ್ತಾಯಿತೆಂದು ಮಗ ಹೇಳಿದನಂತೆ. ಯಾರೂ ಬೈಯಲಿಲ್ಲ, ಯಾರೂ ಸಮಾಧಾನವನ್ನೂ ಹೇಳಲಿಲ್ಲ. "ಹೋಗಿ ಬಂದದ್ದು ಚಲೋ ಆತ್ರಿ" ಎಂದಷ್ಟೇ ಶರಣಪ್ಪ ನನಗೆ ಹೇಳಿದ್ದು.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ವೈದ್ಯರು ಗುಳಿಗೆ ಕಡಿಮೆ ಮಾಡುತ್ತಿದ್ದಾರೆ. ಕುಡಿತ ನಿಂತಿದೆ, ಹಬ್ಬ ಹರಿದಿನದಲ್ಲಿ ಕಷ್ಟವಾಗುತ್ತದೆ ಎನ್ನುತ್ತಾರೆ. ಶಟರ್ ನೋಡಲು ಎದ್ದು ಹೋಗುವುದು ಪೂರ್ತಿ ಹೋಗಿಲ್ಲ, ಪೊಲೀಸ್ ತಪಾಸಣೆಯ ದಿನಗಳಲ್ಲಿ ಮತ್ತೆ ಬರುತ್ತದೆ. ಬೀಗದ ಕೈ ಯುಗಾದಿಯ ನಂತರ ವಾಪಸ್ ಸಿಕ್ಕಿದೆ, ಆದರೆ ಮುಚ್ಚುವಾಗ ಇಬ್ಬರಿರಬೇಕು ಎಂಬ ಮಾತು ಹಾಗೆಯೇ ಇದೆ. ಮುಂದಿನ ಚುನಾವಣೆಯ ಜಮಾ ಗದ್ದಲಕ್ಕೆ ಇನ್ನೊಬ್ಬ ಹುಡುಗನನ್ನು ಇಟ್ಟುಕೊಳ್ಳಲು ಮಾಲೀಕರು ಒಪ್ಪಿದ್ದಾರೆ. ಆ ಹುಡುಗನಿಗೆ ರಿಜಿಸ್ಟರ್ ಬರೆಯುವುದರ ಜತೆ ಗಿರಾಕಿಯ ಮುಖ ನೋಡಿ ಮಾತಾಡಿಸುವುದನ್ನೂ ಕಲಿಸುವ ಕೆಲಸ ಶರಣಪ್ಪನವರದು.