ನಿಮ್ಮ ಡಂಕೆಲ್ ಲೇಖನದ ಬಗ್ಗೆ

ಮಾನ್ಯರೇ,

ಡಂಕೆಲ್ ಕರಡನ್ನು, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಗೆ ದಾರಿಯಾದ ಒಪ್ಪಂದದ ಕರಡನ್ನು ಕುರಿತ ನಿಮ್ಮ ‘ಕಂಪನಿಗಳು ಬರೆದ ಒಪ್ಪಂದ’ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ವಿಷಯ ಕೈಬಿಡಬೇಡಿ, ತಿದ್ದಿ ಕಳಿಸಿ. ಪತ್ರ ಉದ್ದವಾಗಿರುವುದು ಅದಕ್ಕೇ.

ವಿಶ್ವ ವ್ಯಾಪಾರ ಸಂಸ್ಥೆಯ ಮೂಲಕ ಔಷಧ ಪೇಟೆಂಟನ್ನೂ ಬೀಜದ ಮೇಲಿನ ಹಕ್ಕನ್ನೂ ಬಹುರಾಷ್ಟ್ರೀಯ ಕಂಪನಿಗಳು ನಮ್ಮ ಮೇಲೆ ಹೇರಿದವು ಎಂಬುದು ನಿಮ್ಮ ವಾದ. ವಾದದಲ್ಲಿ ಹುರುಳಿದೆ, ಪುರಾವೆ ಇಲ್ಲ. ‘ಕಂಪನಿಗಳು’ ಎಂದು ಪುಟಪುಟದಲ್ಲೂ ಬರೆದಿದ್ದೀರಿ. ಹೆಸರು ಮಾತ್ರ ಅಮೆರಿಕದ ಧಾನ್ಯ ವ್ಯಾಪಾರ ಕಂಪನಿ ಕಾರ್ಗಿಲ್‌ನದೊಂದೇ, ಅದೂ ತಪ್ಪು ಜಾಗದಲ್ಲಿದೆ. ‘ತೆರೆಮರೆಯ ಸಂಚು’ ಎಂಬ ಮಾತನ್ನು ಪೂರ್ತಿ ಹೊಡೆದುಹಾಕಿ. ಇಲ್ಲಿ ನಡೆದದ್ದರಲ್ಲಿ ಬಹುಪಾಲು ಕಾನೂನೇ ಕೊಟ್ಟ ಕುರ್ಚಿಯಲ್ಲಿ ಕೂತು, ದಾಖಲೆ ಬಿಟ್ಟು ನಡೆದದ್ದು. ಹೆಚ್ಚು ಕಳವಳಪಡಬೇಕಾದದ್ದೂ ಅದೇ.

ಅಮೆರಿಕದ 1974ರ ವ್ಯಾಪಾರ ಕಾಯ್ದೆ ಉದ್ಯಮಿಗಳ ಸಲಹಾ ಸಮಿತಿಗಳನ್ನು ಸಂಧಾನಕಾರರ ಪಕ್ಕಕ್ಕೇ ತಂದಿತು. ಅವುಗಳಲ್ಲಿ ಮೇಲ್ಮಟ್ಟದ ಸಮಿತಿಗೆ 1980ರ ದಶಕದಲ್ಲಿ ಅಧ್ಯಕ್ಷರಾಗಿದ್ದವರು ಫೈಜರ್ ಮುಖ್ಯಸ್ಥ ಎಡ್ಮಂಡ್ ಪ್ರ್ಯಾಟ್. ಅವರೂ ಐಬಿಎಂನ ಜಾನ್ ಒಪೆಲ್ ಅವರೂ ಮುಂದೆ ನಿಂತು 1986ರಲ್ಲಿ ‘ಬೌದ್ಧಿಕ ಆಸ್ತಿ ಸಮಿತಿ’ ಕಟ್ಟಿದರು. ಮರ್ಕ್, ಡುಪಾಂಟ್, ಮಾನ್ಸಾಂಟೊ ಕೂಡ ಅದರಲ್ಲಿದ್ದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ವಿಶ್ವ ವ್ಯಾಪಾರ ಸಂಸ್ಥೆಗೂ ಮುಂಚಿನ ಜಾಗತಿಕ ವ್ಯಾಪಾರ ಒಪ್ಪಂದವಾದ ಗ್ಯಾಟ್‌ನ ‘ಉರುಗ್ವೆ ಸುತ್ತು’ ಮಾತುಕತೆ ಆರಂಭವಾಯಿತು. ಅಮೆರಿಕ ಸರ್ಕಾರವೊಂದೇ ಒಪ್ಪಿದರೆ ಸಾಲದೆಂದು ಸಮಿತಿಗೆ ಗೊತ್ತಿತ್ತು. ಯುರೋಪಿನ ಉದ್ಯಮಿಗಳ ಒಕ್ಕೂಟ ಯೂನಿಸ್ ಮತ್ತು ಜಪಾನಿನ ಕೈದಾನ್‌ರೆನ್ ಜತೆ ಸೇರಿ, ಗ್ಯಾಟ್‌ನಲ್ಲಿ ಯಾವ ಯಾವ ನಿಯಮ ಇರಬೇಕೆಂಬ ಚೌಕಟ್ಟನ್ನು 1988ರಲ್ಲಿ ಅದು ಹೊರತಂದಿತು.

ನಿಮ್ಮ ಲೇಖನ ನಿಲ್ಲಬೇಕಾದದ್ದು ಈ ದಾಖಲೆಯ ಮೇಲೆ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: 1988ರಲ್ಲಿ ಕಂಪನಿಗಳು ಕೇಳಿದ್ದು, ಗ್ಯಾಟ್ ಮುಖ್ಯಸ್ಥ ಆರ್ಥರ್ ಡಂಕೆಲ್ 1991ರ ಡಿಸೆಂಬರಿನಲ್ಲಿ ಮುಂದಿಟ್ಟ ಕರಡಿನಲ್ಲಿ ಇದ್ದದ್ದು, 1994ರ ಏಪ್ರಿಲ್‌ನಲ್ಲಿ ಮೊರಾಕ್ಕೊದ ಮರ್ರಕೇಶ್‌ನಲ್ಲಿ ಸಹಿಯಾದದ್ದು. ಔಷಧಕ್ಕೂ ಉತ್ಪನ್ನ ಪೇಟೆಂಟ್, ಅಂದರೆ ತಯಾರಾದ ವಸ್ತುವಿಗೇ ಪೇಟೆಂಟ್, ಬೇಕೆಂಬುದು ಮೂರರಲ್ಲೂ ಸಿಗುತ್ತದೆ. ನಮ್ಮ 1970ರ ಪೇಟೆಂಟ್ ಕಾಯ್ದೆ ಔಷಧಕ್ಕೆ ಕೊಡುತ್ತಿದ್ದದ್ದು ತಯಾರಿಕೆಯ ವಿಧಾನಕ್ಕಷ್ಟೇ ಪೇಟೆಂಟ್, ಅದೂ 7 ವರ್ಷ ಮೀರದಂತೆ. ಮರ್ರಕೇಶ್ ಒಪ್ಪಂದದ ಬೌದ್ಧಿಕ ಆಸ್ತಿ ಭಾಗವಾದ ಟ್ರಿಪ್ಸ್‌ನ 33ನೇ ವಿಧಿ ಅದನ್ನು 20 ವರ್ಷಕ್ಕೆ ಒಯ್ದಿತು.

ಕಡ್ಡಾಯ ಪರವಾನಗಿಯ, ಅಂದರೆ ಪೇಟೆಂಟ್ ಪಡೆದವರ ಒಪ್ಪಿಗೆ ಇಲ್ಲದೆಯೇ ತಯಾರಿಸಲು ಬೇರೆಯವರಿಗೆ ಸರ್ಕಾರ ಕೊಡುವ ಅನುಮತಿಯ, ಸಾಲಿಗೆ ಬಂದಾಗ ಚಿತ್ರ ಬದಲಾಗುತ್ತದೆ. ಅದನ್ನು ಬಿಗಿಯಾಗಿ ಕಟ್ಟಿಹಾಕಬೇಕೆಂದು ಕಂಪನಿಗಳು ಬಯಸಿದ್ದವು. ಅಂತಿಮ 31ನೇ ವಿಧಿ ಷರತ್ತುಗಳನ್ನು ಹಾಕಿತಾದರೂ, ಯಾವ ಕಾರಣಕ್ಕೆ ಪರವಾನಗಿ ಕೊಡಬೇಕೆಂಬ ತೀರ್ಮಾನವನ್ನು ಆಯಾ ದೇಶಕ್ಕೇ ಬಿಟ್ಟಿತು. ಅದರ ಬಲದಿಂದಲೇ 2012ರಲ್ಲಿ ಬೇಯರ್ ಕಂಪನಿಯ ಕ್ಯಾನ್ಸರ್ ಔಷಧ ನೆಕ್ಸಾವರ್ ತಯಾರಿಸಲು ಭಾರತದ ನ್ಯಾಟ್ಕೊ ಕಂಪನಿಗೆ ಪರವಾನಗಿ ಸಿಕ್ಕಿತು. ತಿಂಗಳ ಔಷಧದ ಬೆಲೆ ಸುಮಾರು 2.8 ಲಕ್ಷ ರೂಪಾಯಿ ಇದ್ದದ್ದು 8,880ಕ್ಕಿಳಿಯಿತು. ‘ಕಂಪನಿಗಳು ಕೇಳಿದ್ದೆಲ್ಲ ನಡೆಯಿತು’ ಎಂಬ ನಿಮ್ಮ ವಾಕ್ಯ ಈ ಒಂದು ಸಾಲಿಗೇ ಬಿದ್ದುಹೋಗುತ್ತದೆ. ಗೆದ್ದದ್ದನ್ನೂ ಸೋತದ್ದನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಓದುಗರು ನಿಮ್ಮನ್ನು ನಂಬುತ್ತಾರೆ.

ಭಾರತ ಯಾಕೆ ಒಪ್ಪಿತು? ‘ಸರ್ಕಾರ ಮಾರಿಕೊಂಡಿತು’ ಎಂದು ಒಂದೇ ಉಸಿರಿನಲ್ಲಿ ಮುಗಿಸಿದ್ದೀರಿ. ಬ್ರೆಜಿಲ್ ಜತೆ ಸೇರಿ ವಿರೋಧದ ಮುಂಚೂಣಿಯಲ್ಲಿದ್ದ ದೇಶ ನಮ್ಮದು. 1988ರಲ್ಲಿ ಅಮೆರಿಕ, ಬೌದ್ಧಿಕ ಆಸ್ತಿಯನ್ನು ಸರಿಯಾಗಿ ಕಾಯದ ದೇಶಗಳನ್ನು ಪಟ್ಟಿಮಾಡುವ ‘ವಿಶೇಷ 301’ ಎಂಬ ಕಾನೂನು ತಂದು, 1991ರಲ್ಲಿ ಭಾರತವನ್ನು ಅದರ ಅತಿ ಕಠಿಣ ಪಟ್ಟಿಗೆ ಸೇರಿಸಿತು. ಮರುವರ್ಷ ನಮ್ಮ ಔಷಧ, ರಾಸಾಯನಿಕಗಳ ರಫ್ತಿಗಿದ್ದ ಸುಂಕ ವಿನಾಯಿತಿಯನ್ನೂ ಕಿತ್ತುಕೊಂಡಿತು. ಇತ್ತ ಶ್ರೀಮಂತ ದೇಶಗಳು ಜವಳಿ ಆಮದಿಗೆ ಹಾಕಿದ್ದ ಕೋಟಾವನ್ನು 10 ವರ್ಷಗಳಲ್ಲಿ ತೆಗೆಯುವ ಆಸೆ ತೋರಿಸಲಾಗಿತ್ತು. ಜವಳಿ ಬೇಕು, ಪೇಟೆಂಟ್ ಬೇಡ ಎನ್ನುವಂತಿರಲಿಲ್ಲ. ಇಡೀ ಕಟ್ಟಿಗೆ ಒಂದೇ ಸಹಿ.

‘1995ರಿಂದ ಭಾರತದಲ್ಲಿ ಉತ್ಪನ್ನ ಪೇಟೆಂಟ್’ ಎಂಬುದು ತಪ್ಪು. ಆ ವರ್ಷದಿಂದ ಅರ್ಜಿಗಳನ್ನು ತೆಗೆದಿಟ್ಟುಕೊಳ್ಳಬೇಕಿತ್ತು. ಪೇಟೆಂಟ್ ಕೊಡಬೇಕಾದದ್ದು 2005ರ ಜನವರಿ 1ರಿಂದ.

ಈಗ ಕಾರ್ಗಿಲ್. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಸೀಡ್ಸ್ ಕಚೇರಿಗೆ ರೈತ ಸಂಘದವರು ನುಗ್ಗಿದ ಪ್ರಸಂಗವನ್ನು ಚೆನ್ನಾಗಿ ಬರೆದಿದ್ದೀರಿ, ಒಂದಕ್ಷರವೂ ಕಡಿಮೆ ಮಾಡಬೇಡಿ. ಆದರೆ ಟ್ರಿಪ್ಸ್ ಕಟ್ಟಿದ ಕಂಪನಿಗಳ ಸಾಲಿಗೆ ಕಾರ್ಗಿಲ್ ಸೇರುವುದಿಲ್ಲ. ಅದರ ನಂಟು ಸಿಗುವುದು ಕೃಷಿ ಮಾತುಕತೆಯಲ್ಲಿ. ಕಾರ್ಗಿಲ್‌ನಲ್ಲಿ ದೀರ್ಘಕಾಲ ದುಡಿದಿದ್ದ ಡೇನಿಯಲ್ ಆಮ್‌ಸ್ಟಟ್ಜ್ ಉರುಗ್ವೆ ಸುತ್ತಿನಲ್ಲಿ ಅಮೆರಿಕದ ಮುಖ್ಯ ಕೃಷಿ ಸಂಧಾನಕಾರರಾಗಿದ್ದರು. ರೈತರ ಸಿಟ್ಟಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ನಿಮ್ಮ ಲೇಖನದಲ್ಲಿ ಬೇರೊಂದಿಲ್ಲ.

ಹಾಗೆಯೇ, ರೈತರು ಬೀಜ ಎತ್ತಿಟ್ಟುಕೊಳ್ಳುವುದನ್ನು ಟ್ರಿಪ್ಸ್ ನಿಷೇಧಿಸಲಿಲ್ಲ. 27.3(ಬಿ) ವಿಧಿ ಸಸ್ಯ ತಳಿಗಳಿಗೆ ಪೇಟೆಂಟನ್ನೋ ತಮ್ಮದೇ ಬೇರೆ ಕಾನೂನನ್ನೋ ಆರಿಸಿಕೊಳ್ಳಲು ದೇಶಗಳಿಗೆ ಬಿಟ್ಟಿತು. ಭಾರತ 2001ರಲ್ಲಿ ತನ್ನದೇ ಕಾನೂನು ಮಾಡಿತು. ಅದರ 39ನೇ ಸೆಕ್ಷನ್ ಪ್ರಕಾರ ರೈತರು ಸಂರಕ್ಷಿತ ತಳಿಯ ಬೀಜವನ್ನೂ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರಿನ ಚೀಟಿ ಹಚ್ಚಿ ಮಾರುವಂತಿಲ್ಲ, ಅಷ್ಟೆ. ಹೋರಾಟದ ಫಲವನ್ನು ಹೋರಾಟಗಾರರಿಗೆ ಸಲ್ಲಿಸದೆ ಬಿಟ್ಟಿದ್ದೀರಿ.

ಕೊನೆಯ ಪುಟದ ‘ಎಚ್ಚೆತ್ತುಕೊಳ್ಳೋಣ’ ಕರೆ ಬೇಡ. ಆ ಜಾಗದಲ್ಲಿ ಪೆಸಿಫಿಕ್ ಸಾಗರದ ಸುತ್ತಲಿನ ದೇಶಗಳ ವ್ಯಾಪಾರ ಒಪ್ಪಂದವಾದ ಟ್ರಾನ್ಸ್-ಪೆಸಿಫಿಕ್ ಒಪ್ಪಂದದ ಕಥೆ ಹೇಳಿ. ಜೈವಿಕ ಔಷಧಗಳ ಪ್ರಯೋಗದ ದತ್ತಾಂಶವನ್ನು ಬೇರೆ ಕಂಪನಿಗಳು ತಮ್ಮ ಔಷಧಕ್ಕೆ ಅನುಮತಿ ಪಡೆಯಲು ವರ್ಷಗಟ್ಟಲೆ ನೆಚ್ಚಿಕೊಳ್ಳದಂತೆ ತಡೆಯುವ ವಿಧಿ ಅದರಲ್ಲಿತ್ತು. 2017ರಲ್ಲಿ ಅಮೆರಿಕ ಹೊರನಡೆಯಿತು. ಮರುವರ್ಷ ಉಳಿದ 11 ದೇಶಗಳು ಸಹಿ ಹಾಕುವಾಗ ಆ ವಿಧಿಯನ್ನು ಅಮಾನತಿನಲ್ಲಿಟ್ಟವು. ಅದು ಯಾರ ಬೇಡಿಕೆಯಾಗಿತ್ತೆಂದು ನೀವು ಬೇರೆ ವಿವರಿಸಬೇಕಿಲ್ಲ.

ಹೊಸ ಪ್ರತಿ 1,500 ಪದ ಮೀರದಿರಲಿ. ಪ್ರತಿ ವಿಧಿಯ ಸಂಖ್ಯೆಯನ್ನು ಅಂಚಿನಲ್ಲಿ ಬರೆದು ಕಳಿಸಿ, ಮೂಲ ಒಪ್ಪಂದದ ಜತೆ ಇಲ್ಲಿ ಹೋಲಿಸಿ ನೋಡುತ್ತೇವೆ.

ಸಂಪಾದಕರು