ನಿಮ್ಮ ಮ್ಯಾನಿಫೋಲ್ಡ್ ಲೇಖನ ಯಾಕೆ ವಾಪಸ್ ಬಂತು

ನಮಸ್ಕಾರ. ‘ಗುಜರಿಯ ಗುಟ್ಟು’ ಓದಿದೆ. ಮಂಗಳೂರು ಬಂದರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಹಳೇ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ, ಯಾವ ಎಂಜಿನ್ನಿನದು ಎಂದು ನೀವು ಹುಡುಕಿದ ಕತೆ. ಇಂಥ ವಿಷಯ ನಮಗೆ ಬೇಕು. ಆದರೆ ಈಗಿರುವ ಹಾಗೆ ಹಾಕುವುದಿಲ್ಲ, ಯಾಕೆಂದರೆ ನೀವು ಕೊನೆಗೆ ಕೊಟ್ಟ ಉತ್ತರವೇ ತಪ್ಪು ಮಾರಾಯ್ರೆ.

“ಇದು ಮಹೀಂದ್ರ ಸಿಜೆ-3ಬಿ ಜೀಪಿನ ಹರಿಕೇನ್ ಎಂಜಿನ್ನಿನದ್ದೇ, ಸಂಶಯವಿಲ್ಲ” ಎಂದಿದ್ದೀರಿ. ಆ ಎಂಜಿನ್ನಿಗೆ ಬಿಚ್ಚಿ ತೆಗೆಯುವ ಇನ್‌ಟೇಕ್ ಮ್ಯಾನಿಫೋಲ್ಡೇ ಇಲ್ಲ. ಗಾಳಿ, ಪೆಟ್ರೋಲ್ ಹೋಗುವ ದಾರಿ ಸಿಲಿಂಡರ್ ಹೆಡ್ಡಿನ (ಎಂಜಿನ್ನಿನ ಮೇಲ್ಭಾಗದ) ಒಳಗೇ ಎರಕದಲ್ಲಿ ಬಂದಿರುತ್ತದೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಸೀದಾ ಹೆಡ್ಡಿನ ಮೇಲೆ ಕೂರುತ್ತದೆ. ಸುಳಿವು ನಿಮ್ಮ ಮೂರನೇ ಪ್ಯಾರಾದಲ್ಲೇ ಇತ್ತು. ಸಿಜೆ-3ಬಿಯ ಬಾನೆಟ್ ಎತ್ತರ ಎಂದು ಹೊಗಳಿದ್ದೀರಲ್ಲ, ಎತ್ತರ ಯಾಕೆ? ಅದಕ್ಕೂ ಹಿಂದಿನ ಜೀಪುಗಳ ಗೋ ಡೆವಿಲ್ ಎಂಜಿನ್ನಿನಲ್ಲಿ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಎರಡೂ ಬಗೆಯ ವಾಲ್ವ್ ಹೆಡ್ಡಿನ ಕೆಳಗಿನ ಬ್ಲಾಕಿನಲ್ಲೇ ಇದ್ದವು, ಎಂಜಿನ್ ತಗ್ಗಾಗಿತ್ತು, ಮ್ಯಾನಿಫೋಲ್ಡ್ ಹೊರಗಿನಿಂದ ಬೋಲ್ಟ್ ಹಾಕಿ ಕೂರಿಸುವಂಥದ್ದು. ಹರಿಕೇನಿನಲ್ಲಿ ಇನ್‌ಟೇಕ್ ವಾಲ್ವ್ ಹೆಡ್ಡಿಗೆ ಹೋಯಿತು, ಎಂಜಿನ್ ಎತ್ತರವಾಯಿತು, ಅದರ ಜೊತೆ ಆ ದಾರಿಯೂ ಹೆಡ್ಡಿನೊಳಗೆ ಸೇರಿತು. ಎರಡೂ 134 ಕ್ಯೂಬಿಕ್ ಇಂಚಿನವೇ, ಅಂದರೆ ಸುಮಾರು 2200 ಸಿಸಿ. ನೀವು ಅಷ್ಟನ್ನೇ ನೋಡಿ ಎರಡನ್ನೂ ಒಂದೇ ಮಾಡಿದ್ದೀರಿ.

ಇನ್ನು ಬರವಣಿಗೆ. ಮಲ್ಪೆಯ ಸೂರ್ಯಾಸ್ತಕ್ಕೆ ಮೂರು ಪ್ಯಾರಾ ಕೊಟ್ಟಿದ್ದೀರಿ, ಮ್ಯಾನಿಫೋಲ್ಡಿಗೆ ನಾಲ್ಕೇ ಸಾಲು. ಅಂಗಡಿಯವರು “ದೋಣಿಯಿಂದ ಬಂದದ್ದು” ಎಂದರು, ನೀವು ಮಲ್ಪೆಗೆ ಹೋದಿರಿ, ಸರಿ. ಅಲ್ಲಿ ಕೇಳಬೇಕಾಗಿದ್ದ ಒಂದು ಪ್ರಶ್ನೆ ಮಾತ್ರ ಬಿಟ್ಟುಹೋಯಿತು. ಈಗಿನ ದೊಡ್ಡ ಬೋಟುಗಳದ್ದು ಡೀಸೆಲ್ ಎಂಜಿನ್, ಡೀಸೆಲಿಗೆ ಕಾರ್ಬುರೇಟರ್ ಇಲ್ಲ. ನಿಮ್ಮ ಫೋಟೋದಲ್ಲಿ ನಡುವೆ ಕಾರ್ಬುರೇಟರ್ ಕೂರುವ ಜಾಗ ಕಣ್ಣಿಗೆ ಹೊಡೆಯುವ ಹಾಗಿದೆ. ಅಂದಮೇಲೆ ಅದು ಪೆಟ್ರೋಲ್ ಎಂಜಿನ್ನಿನದು, ಇಲ್ಲವೇ ಹಳೇ ಸೀಮೆಎಣ್ಣೆ ಎಂಜಿನ್ನಿನದು. ಈ ಒಂದು ವಾಕ್ಯ ಬರೆದಿದ್ದರೆ ಅರ್ಧ ಮಲ್ಪೆ ಲೇಖನದಿಂದ ಆಚೆ ಹೋಗುತ್ತಿತ್ತು. ಓದುಗನಿಗೆ ಬೇಕಾದದ್ದು ಇದೇ. ಇದಲ್ಲ, ಯಾಕೆ ಅಲ್ಲ, ಹಾಗಾದರೆ ಮತ್ತೇನು ಎಂದು ಒಂದೊಂದಾಗಿ ತಳ್ಳುತ್ತಾ ಹೋಗುವುದು. ನೀವು ಸುಮ್ನೆ ಒಂದು ಹೆಸರು ಹಿಡಿದು, ಆಮೇಲೆ ಅದಕ್ಕೆ ಸಾಕ್ಷಿ ಹುಡುಕಿದ್ದೀರಿ.

ಅದೇ ಫೋಟೋದಲ್ಲಿ ಹೆಡ್ಡಿಗೆ ಕೂರುವ ಬದಿಗೆ ಎರಡೇ ಬಾಯಿ ಕಾಣುತ್ತದೆ. ನಾಲ್ಕು ಸಿಲಿಂಡರಿಗೆ ಎರಡು ಬಾಯಿ ಅಂದರೆ ಎರಡೆರಡು ಸಿಲಿಂಡರ್ ಒಂದೊಂದು ದಾರಿ ಹಂಚಿಕೊಂಡಿವೆ ಎಂದು ಅರ್ಥ. ಅಂಬಾಸಿಡರಿನ 1489 ಸಿಸಿ ಎಂಜಿನ್, ಅಂದರೆ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್, ಹೀಗೇ. ಹಾಗಂತ ನಾನು ಹೇಳಿದೆ ಎಂದು ನಾಳೆ “ಅಂಬಾಸಿಡರ್” ಎಂದು ಬರೆದು ಕಳಿಸಬೇಡಿ! ಮೋರಿಸ್ ಮೈನರ್ ಕಾರಿಗೆ 1952ರಿಂದ ಬಂದ ಎ-ಸೀರೀಸ್ ಎಂಜಿನ್ನಿಗೂ ಇದೇ ಏರ್ಪಾಡು, ಗಾತ್ರ ಮಾತ್ರ ಸಣ್ಣದು. ಮತ್ತೆ ಶುರುವಿನ ಅಂಬಾಸಿಡರಿನಲ್ಲಿ ಇದ್ದದ್ದೇ ಬೇರೆ, 1476 ಸಿಸಿ ಸೈಡ್ ವಾಲ್ವ್ (ವಾಲ್ವ್ ಬ್ಲಾಕಿನಲ್ಲೇ ಇರುವ) ಎಂಜಿನ್. ಗಾಡಿಯ ಹೆಸರು ಹೇಳಿದರೆ ಸಾಲದು, ಅಲ್ವಾ?

ಹಾಗಾಗಿ ಅಳತೆ ಬೇಕು. ನಿಮ್ಮ ಲೇಖನದಲ್ಲಿ ಒಂದೂ ಅಂಕಿ ಇಲ್ಲ. “ಗೇಣುದ್ದ” ಎಂದಿದ್ದೀರಿ, ಯಾರ ಗೇಣು? ದಪ್ಪ ಕಾಗದವನ್ನು ಹೆಡ್ಡಿಗೆ ಕೂರುವ ಮುಖದ ಮೇಲೆ ಒತ್ತಿ ಹಿಡಿದು, ಗ್ರೀಸ್ ಮೆತ್ತಿದ ಬೆರಳನ್ನು ಅಂಚಿನ ಸುತ್ತ ಎಳೆಯಿರಿ. ಬಾಯಿ, ಬೋಲ್ಟಿನ ತೂತು ಎಲ್ಲ ಕಪ್ಪಗೆ ಮೂಡುತ್ತದೆ. ಗ್ಯಾಸ್ಕೆಟ್ ಕತ್ತರಿಸುವ ಮೆಕ್ಯಾನಿಕ್‌ಗಳು ಮಾಡುವುದೂ ಹೆಚ್ಚುಕಮ್ಮಿ ಹೀಗೇ. ಆ ಕಾಗದದ ಮೇಲೆ ಒಂದು ಬಾಯಿಯ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ, ಅಂಚಿನಿಂದ ಅಂಚಿಗೆ ಅಲ್ಲ. ಮಿಲಿಮೀಟರಿನಲ್ಲಿ ಬಂದದ್ದನ್ನು 25.4ರಿಂದ ಭಾಗಿಸಿ. 76.2 ಬಂದರೆ ಸರಿಯಾಗಿ 3 ಇಂಚು. ಹೀಗೆ ಅಳತೆಗಳೆಲ್ಲ ಇಂಚಿನಲ್ಲೇ ನೇರ ಕೂತರೆ ಬ್ರಿಟನ್ ಅಥವಾ ಅಮೆರಿಕದ ಮೂಲ ಎಂದು ಅನುಮಾನಿಸಬಹುದು. ಈ ಕಾಗದ ಹಿಡಿದುಕೊಂಡು ಹಳೇ ಹೆಡ್ ಇರುವ ಗ್ಯಾರೇಜಿಗೆ ಹೋಗಿ ಇಟ್ಟು ನೋಡಿ. ಅದೇ ನಿಮ್ಮ ಲೇಖನದ ದೊಡ್ಡ ಸನ್ನಿವೇಶವಾಗುತ್ತದೆ.

“ಏನೋ ನಂಬರ್ ಇದೆ, ತುಕ್ಕು ತಿಂದಿದೆ” ಎಂದು ಬಿಟ್ಟುಬಿಟ್ಟಿದ್ದೀರಿ. ನಮ್ಮ ಕಡಲ ಗಾಳಿಗೆ ತುಕ್ಕು ಹಿಡಿಯದೆ ಇನ್ನೇನು! ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ, ತಂತಿ ಬ್ರಷ್ಷಿನಲ್ಲಿ ಮೆಲ್ಲ ಉಜ್ಜಿ, ಉಬ್ಬಿದ ಅಕ್ಷರದ ಮೇಲೆ ಸೀಮೆಸುಣ್ಣ ಸವರಿ, ಟಾರ್ಚನ್ನು ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಸಿಕ್ಕಿದ ನಂಬರನ್ನು ಪಾರ್ಟ್ಸ್ ಪುಸ್ತಕದಲ್ಲಿ ಹುಡುಕಿ ಸಿಗದಿದ್ದರೆ ಬೇಜಾರು ಬೇಡ. ಎರಕದಲ್ಲೇ ಮೂಡಿದ ನಂಬರ್ ಮತ್ತು ಪುಸ್ತಕದಲ್ಲಿರುವ ಪಾರ್ಟ್ ನಂಬರ್ ಎಷ್ಟೋ ಸಲ ಬೇರೆಬೇರೆ.

ಉಳಿಸಿಕೊಳ್ಳಬೇಕಾದ್ದೂ ಇದೆ. ಅಂಗಡಿಯವರು ತಕ್ಕಡಿಗೆ ಎತ್ತಿಹಾಕುತ್ತಾ “ಉಂದು ಏರೆಗ್ಲಾ ಬೊಡ್ಚಿ” (ಇದು ಯಾರಿಗೂ ಬೇಡ) ಎಂದು ತುಳುವಿನಲ್ಲಿ ಹೇಳಿದ್ದು, ಯಾರಿಗೂ ಬೇಡದ ಸಾಮಾನಿಗೆ ನೀವು ಚೌಕಾಸಿ ಮಾಡಿದ್ದು ಚೆಂದ ಬಂದಿದೆ. ಅದನ್ನೇ ಮೊದಲಿಗೆ ತನ್ನಿ. ಅಜ್ಜನ ಕಾಲದ ಬಸ್ಸು, ಯಂತ್ರದ ಆತ್ಮ, ಕಬ್ಬಿಣದ ಮೌನ ಇವೆಲ್ಲ ತೆಗೆಯಿರಿ.

ಎಂಟುನೂರು ಪದದೊಳಗೆ ಮತ್ತೆ ಬರೆದು ಕಳಿಸಿ. ಉತ್ತರ ಎ-ಸೀರೀಸೋ ಬಿ-ಸೀರೀಸೋ ಎಂಬಲ್ಲಿಗೇ ನಿಂತರೂ ಹಾಕುತ್ತೇನೆ, ಹೇಗೆ ಅಲ್ಲಿಗೆ ಬಂದಿರಿ ಎಂಬುದು ಕಾಣಬೇಕು ಅಷ್ಟೆ. ಮತ್ತೆ ಅದಕ್ಕೆ ಸಿಲ್ವರ್ ಪೇಂಟ್ ಹೊಡೆದು ಶೋಕೇಸಿನಲ್ಲಿ ಇಡುತ್ತೇನೆ ಎಂದಿದ್ದೀರಿ. ನಂಬರಿನ ಫೋಟೋ ಸರಿಯಾಗಿ ಸಿಗುವ ತನಕ ಆ ಡಬ್ಬಿ ತೆರೆಯಬೇಡಿ.